ಬೆನ್ನು ‘ಟಕ್’ ಅಂದರೆ ನೋವು ಹೋಯ್ತಾ?

ಪ್ರಶ್ನೆ: ನನಗೆ 38 ವರ್ಷ. ಇಡೀ ದಿನ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಎರಡು ತಿಂಗಳಿಂದ ಸೊಂಟ ಹಿಡಿದುಕೊಂಡಿದೆ, ಮಾತ್ರೆ ನುಂಗಿ ನುಂಗಿ ಸಾಕಾಗಿದೆ. ಕೈಯಿಂದ ಬೆನ್ನುಮೂಳೆ ಒತ್ತಿ ಚಿಕಿತ್ಸೆ ಕೊಡುವ ಕೈರೋಪ್ರಾಕ್ಟರ್ ಹತ್ತಿರ ಹೋದರೆ ಒಂದೇ ಸಲಕ್ಕೆ ಮೂಳೆ ಜಾಗಕ್ಕೆ ಕೂರುತ್ತೆ ಅಂತ ಗೆಳೆಯ ಹೇಳುತ್ತಾನೆ. ಮನೆಮಂದಿಯೆಲ್ಲ ತಿಂಗಳಿಗೊಂದು ಸಲ ಮಾಡಿಸಿಕೊಂಡರೆ ಕಾಯಿಲೆಯೇ ಹತ್ತಿರ ಬರಲ್ಲವಂತೆ. ನಿಜವಾ?

ಉತ್ತರ: ಸೊಂಟನೋವಿಗೆ ಅಂತ ಹೋಗಬಹುದು. ಕಾಯಿಲೆ ಬಾರದಿರಲಿ ಅಂತ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಬೇಡಿ.

ಈ ಎರಡನೇ ಮಾತು ಎಲ್ಲಿಂದ ಬಂತು ಅಂತ ಹೇಳಿಬಿಡುತ್ತೇನೆ. 1895ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ ಡೇನಿಯಲ್ ಡೇವಿಡ್ ಪಾಮರ್ ಎಂಬಾತ ಕಿವಿ ಮಂದವಾಗಿದ್ದ ಒಬ್ಬ ಕೆಲಸಗಾರನ ಬೆನ್ನುಮೂಳೆ ಒತ್ತಿ, ಅವನಿಗೆ ಕಿವಿ ಕೇಳಿಸುವ ಹಾಗೆ ಮಾಡಿದೆ ಅಂತ ಹೇಳಿಕೊಂಡ. ಕೈರೋಪ್ರಾಕ್ಟಿಕ್ ಶುರುವಾದದ್ದು ಹೀಗೆ. ಬಹುತೇಕ ಕಾಯಿಲೆಗಳಿಗೆ ಬೆನ್ನುಮೂಳೆ ಜರುಗಿರುವುದೇ ಕಾರಣ ಅನ್ನೋದು ಅವನ ನಂಬಿಕೆ. ಅದಕ್ಕೆ ಇವತ್ತಿಗೂ ಪುರಾವೆ ಸಿಕ್ಕಿಲ್ಲ. ಬೆನ್ನು ಒತ್ತಿದಾಗ ಬರುವ ಆ ‘ಟಕ್’ ಸದ್ದು ಕೂಡ ಮೂಳೆ ಜಾಗಕ್ಕೆ ಕೂತದ್ದಲ್ಲ. ಕೀಲನ್ನು ಥಟ್ಟನೆ ಹಿಗ್ಗಿಸಿದಾಗ ಒಳಗಿನ ದ್ರವದಲ್ಲಿ ಗಾಳಿಗುಳ್ಳೆ ಆಗುತ್ತಲ್ಲ, ಅದರದ್ದು. ಬೆರಳು ನೆಟಿಕೆ ಮುರಿದಾಗಲೂ ಇದೇ ಆಗೋದು.

ಹಾಗಂತ ಎಲ್ಲವೂ ಸುಳ್ಳಲ್ಲ. ಸೊಂಟನೋವಿಗೆ ಮೊದಲು ಮಾತ್ರೆಯಿಲ್ಲದ ದಾರಿಗಳನ್ನೇ ನೋಡಿ ಅಂತ ಅಮೆರಿಕದ ವೈದ್ಯರ ಸಂಘಟನೆ ‘ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್’ 2017ರಲ್ಲಿ ಹೇಳಿತು. ಆ ಪಟ್ಟಿಯಲ್ಲಿ ವ್ಯಾಯಾಮ, ಯೋಗ ಇವೆ, ಕೈಯಿಂದ ಬೆನ್ನುಮೂಳೆ ಸಡಿಲಿಸುವ ಈ ಚಿಕಿತ್ಸೆಯೂ ಇದೆ. ಸಿಗುವ ಆರಾಮ ಸಾಧಾರಣದ್ದು, ವ್ಯಾಯಾಮದಿಂದ ಸಿಗುವಷ್ಟೇ ಅಂದುಕೊಳ್ಳಿ. ಒಂದೇ ಸಲಕ್ಕೆ ಗುಣ ಅನ್ನುವವರನ್ನು, ಮೊದಲ ದಿನವೇ ಮೂವತ್ತು ಸಲದ ದುಡ್ಡು ಕಟ್ಟಿ ಅನ್ನುವವರನ್ನು ನಂಬಬೇಡಿ.

ಎರಡು ತಿಂಗಳಾಗಿದೆ ಅಂದಿದ್ದೀರಿ, ಅದಕ್ಕೇ ಮೊದಲು ಒಬ್ಬ ಡಾಕ್ಟರಿಗೆ ತೋರಿಸಿ. ಕಾಲಿನಲ್ಲಿ ಶಕ್ತಿ ಕಡಿಮೆಯಾಗುತ್ತಿದ್ದರೆ, ತೊಡೆಯ ಸಂದಿ ಮತ್ತು ಕುಂಡೆಯ ಹತ್ತಿರ ಮರಗಟ್ಟಿದ್ದರೆ, ಮೂತ್ರ ಕಟ್ಟಿಕೊಂಡರೆ ಅಥವಾ ಗೊತ್ತಿಲ್ಲದೆ ಹೋದರೆ ನಾಳೆ ಅನ್ನಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ. ನೋವಿನ ಜೊತೆ ಜ್ವರ, ತಾನಾಗಿ ತೂಕ ಇಳಿಯೋದು, ಹಿಂದೆ ಕ್ಯಾನ್ಸರ್ ಬಂದದ್ದು, ಬಿದ್ದು ಪೆಟ್ಟಾದದ್ದು, ಇವು ಯಾವುದಿದ್ದರೂ ಯಾರ ಕೈಗೂ ಬೆನ್ನು ಕೊಡಬೇಡಿ, ಮೊದಲು ಪರೀಕ್ಷೆ ಆಗಲಿ. ಇನ್ನು ಕುತ್ತಿಗೆ. ಅದನ್ನು ಜೋರಾಗಿ ತಿರುಗಿಸಿದಾಗ ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆದದ್ದಿದೆ. ತೀರಾ ಅಪರೂಪ, ನಿಜ. ಆದರೂ ಸೊಂಟಕ್ಕೆ ಅಂತ ಹೋದವರು ಕುತ್ತಿಗೆ ಯಾಕೆ ತಿರುಗಿಸಿಕೊಳ್ಳಬೇಕು? ‘ಕುತ್ತಿಗೆ ಬೇಡ’ ಅಂತ ಮೊದಲೇ ಹೇಳಿ.

ಮನೆಯಲ್ಲಿ ಮಾಡುವುದೇ ಜಾಸ್ತಿ ಇದೆ. ನೋವಿದೆ ಅಂತ ಹಾಸಿಗೆ ಹಿಡಿಯಬೇಡಿ, ಅದರಿಂದ ಬೆನ್ನು ಇನ್ನಷ್ಟು ಬಿಗಿಯುತ್ತೆ. ಅರ್ಧ ಗಂಟೆಗೊಮ್ಮೆ ಕುರ್ಚಿ ಬಿಟ್ಟು ಏಳಿ, ನಾಲ್ಕು ಹೆಜ್ಜೆ ಹಾಕಿ. ಪುಟ್ಟ ಮಗುವಿದ್ದರೆ ನೆಲದಿಂದ ಅದನ್ನು ಹೇಗೆ ಎತ್ತುತ್ತೀರಿ ಅಂತ ಒಮ್ಮೆ ಗಮನಿಸಿ. ಮಂಡಿ ನೆಟ್ಟಗೇ ಇಟ್ಟು, ಬಗ್ಗಿ, ಕೈ ಉದ್ದ ಚಾಚಿ ಎತ್ತುತ್ತೀರಿ, ಅಲ್ವಾ? ಭಾರ ಪೂರ್ತಿ ಸೊಂಟದ ಮೇಲೆ ಬೀಳೋದು ಆಗಲೇ. ಹತ್ತಿರ ಹೋಗಿ, ಮಂಡಿ ಮಡಚಿ ಕೂತು, ಮಗುವನ್ನು ಎದೆಗೆ ಅವುಚಿಕೊಂಡು ಏಳಿ. ತಿರುಗಬೇಕಾದರೆ ಸೊಂಟ ತಿರುಚದೆ ಪಾದ ಎತ್ತಿಟ್ಟು ತಿರುಗಿ.

ಮನೆಮಂದಿಗೆಲ್ಲ ಏನು ಮಾಡಲಿ ಅಂದರೆ, ವಾರಕ್ಕೆ 150 ನಿಮಿಷವಾದರೂ ದೊಡ್ಡವರು ಚುರುಕಾಗಿ ನಡೆಯಲಿ, ಮಕ್ಕಳು ದಿನಕ್ಕೊಂದು ಗಂಟೆ ಓಡಿ ಆಡಲಿ, ಎಲ್ಲರೂ ಹೊತ್ತಿಗೆ ಮಲಗಲಿ.

ಪ್ರಶ್ನೆ: ನಮ್ಮ ಮಗುವಿಗೆ ಆರು ವಾರ. ಸಂಜೆಯಾದರೆ ಗಂಟೆಗಟ್ಟಲೆ ಅಳುತ್ತೆ. ಹೆರಿಗೆಯಲ್ಲಿ ಬೆನ್ನುಮೂಳೆ ಜರುಗಿರಬೇಕು, ಕೈರೋಪ್ರಾಕ್ಟರ್‌ಗೆ ತೋರಿಸು ಅಂತ ಅಕ್ಕ ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಬೇಡಮ್ಮ. ಅಕ್ಕನದ್ದು ಪ್ರೀತಿಯ ಮಾತೇ, ಆದರೆ ಇಷ್ಟು ಪುಟ್ಟ ಬೆನ್ನಿಗೆ ಅದು ಬೇಡ. ಅಳುವ ಕೂಸುಗಳಿಗೆ ಅದರಿಂದ ಉಪಯೋಗ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ಎರಡು ವರ್ಷದೊಳಗಿನ ಮಕ್ಕಳ ಬೆನ್ನುಮೂಳೆಗೆ ಇದನ್ನು ಮಾಡಬೇಡಿ ಅಂತ 2019ರಲ್ಲಿ ಆಸ್ಟ್ರೇಲಿಯಾದ ಕೈರೋಪ್ರಾಕ್ಟಿಕ್ ಮಂಡಳಿಯೇ ತನ್ನವರಿಗೆ ಸೂಚಿಸಿತ್ತು.

ಅಳು ಜಾಸ್ತಿ ಇರೋದೇ ಆರು ವಾರದ ಸುಮಾರಿಗೆ. ಮೂರು ನಾಲ್ಕು ತಿಂಗಳಿಗೆ ತಾನಾಗಿ ತಗ್ಗುತ್ತೆ. ಅಲ್ಲಿಯವರೆಗೆ ದೀಪ ಮಂದ ಮಾಡಿ, ಮಗುವನ್ನು ಎದೆಗಾನಿಸಿಕೊಂಡು ನಿಧಾನ ನಡೆದಾಡಿ, ಅದೇ ರಾಗ ಗುನುಗುತ್ತಾ ಇರಿ. ಒಂದು ಹೊತ್ತಿನಲ್ಲಿ ನಿಮಗೇ ಅಳು ಬಂದುಬಿಡುತ್ತೆ, ಕೈ ನಡುಗುತ್ತೆ. ಆಗ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಪಕ್ಕದ ಕೋಣೆಗೆ ಹೋಗಿ ಬನ್ನಿ. ತಪ್ಪೇನಿಲ್ಲ. ಏನೇ ಆದರೂ ಮಗುವನ್ನು ಅಲುಗಾಡಿಸಬೇಡಿ. ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಹಾಲು ಕುಡಿಯದಿದ್ದರೆ, ಹಸಿರು ವಾಂತಿಯಾದರೆ, ಮೈ ಸಡಿಲ ಬಿಟ್ಟರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಅಮ್ಮನಿಗೆ 68, ಮೂಳೆ ಸವೆತ ಇದೆ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಾರೆ. ಬೆನ್ನುನೋವಿಗೆ ಕೈರೋಪ್ರಾಕ್ಟಿಕ್ ಮಾಡಿಸಲಾ? ಜೊತೆಗೆ ಯಾವುದೋ ಗಿಡಮೂಲಿಕೆ ಕ್ಯಾಪ್ಸೂಲ್ ತರಿಸಿಕೊಂಡಿದ್ದಾರೆ. ನೈಸರ್ಗಿಕ ತಾನೇ?

ಉತ್ತರ: ಅಮ್ಮನಿಗೆ ಬೆನ್ನು ಒತ್ತಿಸಲೇಬೇಡಿ. ಸವೆದ ಮೂಳೆ ಮುರಿಯಬಹುದು, ಆ ಮಾತ್ರೆಯಿಂದಾಗಿ ಒಳಗೆ ರಕ್ತಸ್ರಾವವೂ ಆಗಬಹುದು. ಬಿಸಿ ಶಾಖ ಕೊಡಿ, ಸುಡದಷ್ಟು. ಫಿಸಿಯೋಥೆರಪಿಸ್ಟ್ ಹೇಳಿಕೊಡುವ ಸಣ್ಣ ವ್ಯಾಯಾಮ ಮಾಡಿಸಿ.

ಕ್ಯಾಪ್ಸೂಲ್ ವಿಷಯದಲ್ಲಿ ಹುಷಾರು. ಗಿಡದ್ದು ಅಂದಮಾತ್ರಕ್ಕೆ ಸುಮ್ನೆ ಇರಲ್ಲ. ಸೇಂಟ್ ಜಾನ್ಸ್ ವರ್ಟ್ ಅಂತ ಒಂದು ಮೂಲಿಕೆ ಇದೆ, ಮನಸ್ಸು ಹಗುರಾಗಲಿ ಅಂತ ತಗೊಳ್ತಾರೆ. ಅದು ರಕ್ತ ತೆಳುವಾಗಿಸುವ ವಾರ್ಫರಿನ್‌ನ ಕೆಲಸವನ್ನೇ ಕುಗ್ಗಿಸುತ್ತೆ. ಅಮ್ಮನ ಡಬ್ಬಿಯಲ್ಲಿ ಏನಿದೆ ಅಂತ ನನಗೆ ಕಾಣಲ್ಲ. ಇವತ್ತೇ ಆ ಡಬ್ಬಿ, ದಿನದ ಮಾತ್ರೆಗಳು, ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿಕೊಂಡು ಅವರ ಡಾಕ್ಟರ್ ಮೇಜಿನ ಮೇಲೆ ಸುರಿದು ತೋರಿಸಿ. ಅಲ್ಲಿಯವರೆಗೆ ಕ್ಯಾಪ್ಸೂಲ್ ನಿಲ್ಲಿಸಿ, ಡಾಕ್ಟರ್ ಕೊಟ್ಟ ಮಾತ್ರೆ ಮಾತ್ರ ನಿಲ್ಲಿಸಬೇಡಿ.