ಕೆಕೆಆರ್‌ಡಿಬಿ (ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ) ಹಣದ ಸಿಸಿ, ಅಂದರೆ ಸಿಮೆಂಟ್ ಕಾಂಕ್ರೀಟ್ ರಸ್ತೆಯಲ್ಲಿ ಅಕ್ರಮ ಆಗಿದೆಯಾ ಅಂತ ಯಾದಗಿರಿ ಕಡೆಯ ಹಳ್ಳಿಯವರು ತಿಳಿಯೋದು ಹೇಗೆ?

2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಸುಮ್ನೆ ‘ಎಷ್ಟು ಹಣ ಬಂತು’ ಅಂತ ಕೇಳಿದರೆ ಸಾಲದು. ಅಂದಾಜು ಪಟ್ಟಿ, ಬಿಲ್ಲು, ಮುಖ್ಯವಾಗಿ ಎಂ.ಬಿ. ಬುಕ್, ಅಂದರೆ ಅಳತೆ ಪುಸ್ತಕದ ನಕಲು ಕೇಳಿ. ಬಿಲ್ಲು ಆಗೋದು ಅದರಲ್ಲಿ ಬರೆದ ಉದ್ದ, ಅಗಲ, ದಪ್ಪದ ಮೇಲೆ.

ನಕಲು ಸಿಕ್ಕ ಮೇಲೆ ಟೇಪು ಹಿಡಿದು ರಸ್ತೆಗೇ ಹೋಗಿ. ನಮ್ಮೂರಲ್ಲಿ ಅಂಚಿನ ಮಣ್ಣು ಕೆದರಿ ಅಳೆದೆವು. ಪುಸ್ತಕದಲ್ಲಿ 6 ಇಂಚು, ರಸ್ತೆಯಲ್ಲಿ 4! ಹೊಟ್ಟೆ ಉರಿಯಿತು. ಇಂಥ ರಸ್ತೆ ಎರಡು ಮಳೆಗೆ ಕಿತ್ತು ಹೋಗುತ್ತದೆ, ಮತ್ತೆ ಅದಕ್ಕೇ ಹಣ ಸುರಿದರೆ ಶಾಲೆಗೆ, ಕುಡಿಯುವ ನೀರಿಗೆ ಏನು ಉಳಿಯುತ್ತದೆ?

ಕಾಮಗಾರಿ ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೇ ಕಾಯ್ದೆಯಲ್ಲಿದೆ. ಅದನ್ನೂ ಬಳಸಿ. ಅರ್ಜಿ ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು.