ಓಸು ಆಟಕ್ಕೆ ಮೌಸ್ ಬಿಟ್ಟು ಡ್ರಾಯಿಂಗ್ ಟ್ಯಾಬ್ಲೆಟ್ ಹಿಡಿಯಬೇಕಾ? ಹಿಡಿದರೆ ಹೇಗೆ ಹೊಂದಿಸುವುದು?

ನೀವು ಕೇಳಿದ್ದು ಇಷ್ಟು: ಕಲಬುರಗಿಯ ಹಾಸ್ಟೆಲ್‌ನಲ್ಲಿ 1366×768 ಸ್ಕ್ರೀನ್‌ನ ಲ್ಯಾಪ್‌ಟಾಪ್ ಮೇಲೆ ಓಸು (ಹಾಡಿನ ತಾಳಕ್ಕೆ ಕರ್ಸರ್ ಒಯ್ದು ವೃತ್ತಗಳನ್ನು ಹೊಡೆಯುವ ಆಟ) ಆಡ್ತೀರಿ. ಮೌಸ್‌ನಲ್ಲಿ ನಾಲ್ಕು ಸ್ಟಾರ್ ಕಷ್ಟದ ಮ್ಯಾಪ್ (ಒಂದು ಹಾಡಿಗೆ ಜೋಡಿಸಿದ ವೃತ್ತಗಳ ಸರಣಿ) ಮುಗಿಯುತ್ತದೆ, ಆದರೆ ದೂರದ ಜಂಪ್, ಅಂದರೆ ಒಂದು ವೃತ್ತದಿಂದ ದೂರದ ಇನ್ನೊಂದಕ್ಕೆ ಹಾರುವುದು, ಬಂದರೆ ಕೈ ತಪ್ಪುತ್ತದೆ. ಟ್ಯಾಬ್ಲೆಟ್ ಕೊಂಡರೆ ಸರಿಹೋಗುತ್ತದಾ, ಯಾವುದು ಕೊಳ್ಳಬೇಕು, ಸೆಟಿಂಗ್ ಏನು ಅಂತ.

ಟ್ಯಾಬ್ಲೆಟ್ ಕೊಂಡ ಮಾತ್ರಕ್ಕೆ ಆಟ ಸುಧಾರಿಸುವುದಿಲ್ಲ. ಮೌಸ್ ಹಿಡಿದೇ ಭಾಳ ಮೇಲಿನ ರ್‍ಯಾಂಕ್ ಮುಟ್ಟಿದವರು ಇದ್ದಾರೆ. ನಿಮ್ಮ ತೊಂದರೆ ಜಂಪ್‌ನದ್ದಾಗಿದ್ದರೆ ಪೆನ್ ಕೈಗೆ ಹಗುರ, ಆ ಲಾಭ ಖರೆ. ಸ್ಟ್ರೀಮ್‌ನಲ್ಲಿ (ಒತ್ತೊತ್ತಾಗಿ ಸಾಲಾಗಿ ಬರುವ ವೃತ್ತಗಳಲ್ಲಿ) ತಾಳ ತಪ್ಪುತ್ತಿದ್ದರೆ ಅದು ಕೀ ಒತ್ತುವ ಎಡಗೈ ಬೆರಳಿನ ವಿಷಯ, ಪೆನ್ನಿಗೂ ಅದಕ್ಕೂ ಸಂಬಂಧ ಇಲ್ಲ. ಓಸುವಿನದ್ದೇ ಟೈಕೊ, ಮೇನಿಯಾ ಬಗೆಗಳನ್ನು (ಬರೀ ಕೀ ಒತ್ತಿ ಆಡುವಂಥವು) ಆಡುವವರಂತೂ ರೊಕ್ಕ ಉಳಿಸಿ ಒಳ್ಳೆ ಕೀಬೋರ್ಡ್ ತಗೊಳ್ರಿ.

ಎರಡಕ್ಕೂ ಇರುವ ಮೂಲ ಫರಕು ಇದು. ಮೌಸ್ ಹೇಳುವುದು "ಇಷ್ಟು ಸರಿದೆ" ಅಂತ. ಪೆನ್ ಹೇಳುವುದು "ಇಲ್ಲಿದ್ದೇನೆ" ಅಂತ. ಟ್ಯಾಬ್ಲೆಟ್ ಮೇಲಿನ ಪ್ರತಿ ಚುಕ್ಕೆಗೂ ಸ್ಕ್ರೀನ್ ಮೇಲೆ ಖಾಯಂ ಜಾಗ ಉಂಟು. ಮೌಸ್ ಎತ್ತಿ ಬೇರೆ ಕಡೆ ಇಟ್ಟರೆ ಕರ್ಸರ್ ಇದ್ದಲ್ಲೇ ಇರುತ್ತದೆ. ಪೆನ್ ಎತ್ತಿ ಬೇರೆ ಕಡೆ ಇಟ್ಟರೆ ಕರ್ಸರ್ ಅಲ್ಲಿಗೆ ಹಾರುತ್ತದೆ. ಹಾಗಾಗಿ ಪೆನ್ನಿನಲ್ಲಿ ಕೈ ಕಲಿಯುವುದು ವೇಗವನ್ನಲ್ಲ, ಜಾಗವನ್ನು. ಮುಂದೆ ನಾನು ಹೇಳುವ ಎಲ್ಲ ಸೆಟಿಂಗ್ ಇದೊಂದಕ್ಕೇ: ಆ ಜಾಗ ಇವತ್ತು ಎಲ್ಲಿತ್ತೋ ನಾಳೆಯೂ ಅಲ್ಲೇ ಇರಬೇಕು.

ಯಾವುದು ಕೊಳ್ಳಬೇಕು? ಸಣ್ಣದು ಸಾಕು. ವೇಕಮ್ ಸಿಟಿಎಲ್-472 ನನ್ನ ಆಯ್ಕೆ. ಕೆಲಸ ಮಾಡುವ ಜಾಗ 152×95 ಮಿ.ಮೀ., ಹೊರಗಿನ ಅಳತೆ 210×146 ಮಿ.ಮೀ., ಅಂದರೆ ಒಂದು ನೋಟ್‌ಬುಕ್ಕಿನಷ್ಟು. ಇದು ಸೆಕೆಂಡಿಗೆ 133 ಸಲ ಪೆನ್ನಿನ ಜಾಗ ಕಳಿಸುತ್ತದೆ. ಎಕ್ಸ್‌ಪಿ-ಪೆನ್ ಜಿ640 ಕಳಿಸುವುದು 266 ಸಲ. ಈ ಅಂಕಿ ನೋಡಿ ಮರುಳಾಗಬ್ಯಾಡ್ರಿ. 133 ಅಂದರೆ ಏಳೂವರೆ ಮಿಲಿಸೆಕೆಂಡಿಗೊಮ್ಮೆ. ತಾಳ ಬೀಳುವುದು ಕೀಬೋರ್ಡಿನಿಂದ, ಪೆನ್ ಆ ಹೊತ್ತಿಗೆ ವೃತ್ತದೊಳಗೆ ಇದ್ದರೆ ಆಯಿತು. ಓಡಿ 8ರ ಮ್ಯಾಪ್‌ನಲ್ಲಿ (ಓಡಿ ಅಂದರೆ ತಾಳ ಎಷ್ಟು ಕರಾರುವಾಕ್ಕಾಗಿರಬೇಕು ಅನ್ನುವ ಅಂಕಿ) 300, ಅಂದರೆ ಒಂದು ಹೊಡೆತಕ್ಕೆ ಪೂರ್ತಿ ಅಂಕ, ಸಿಗಲು ಆ ಕಡೆ ಈ ಕಡೆ 32 ಮಿಲಿಸೆಕೆಂಡ್ ಬಿಡುವು ಇರುತ್ತದೆ. ನೋಡಬೇಕಾದ್ದು ಪೆನ್ ಅಲ್ಲಾಡದೇ ಹಿಡಿದಾಗ ಕರ್ಸರ್ ನಡುಗುತ್ತದಾ ಅಂತ. ಪೆನ್ನಿಗೆ ಬ್ಯಾಟರಿ ಬೇಕಾಗುವ ಹಳೆಯ ಮಾದರಿಗಳನ್ನು ಬಿಟ್ಟುಬಿಡ್ರಿ, ತೂಕ ಹಿಂದಕ್ಕೆ ಎಳೆಯುತ್ತದೆ. ಸೆಕೆಂಡ್ ಹ್ಯಾಂಡ್ ಆದರೆ ಪೆನ್ ಅದೇ ಮಾದರಿಯದ್ದಾ ಅಂತ ಮುಂದೆಯೇ ಹಚ್ಚಿ ನೋಡ್ರಿ. ಒಂದೇ ಕಂಪನಿಯದ್ದಾದರೂ ಒಂದರ ಪೆನ್ ಇನ್ನೊಂದಕ್ಕೆ ಸಾಮಾನ್ಯವಾಗಿ ನಡೆಯುವುದಿಲ್ಲ.

ಡ್ರೈವರ್ ವಿಷಯ ಬೇಗ ಮುಗಿಸುತ್ತೇನೆ. ಒಂದೇ ಡ್ರೈವರ್ ಇರಲಿ. ಬೇರೆ ಟ್ಯಾಬ್ಲೆಟ್‌ನ ಹಳೆ ಡ್ರೈವರ್ ಇದ್ದರೆ ತೆಗೆದುಹಾಕಿ, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ, ಆಮೇಲೆ ಹೊಸದು ಹಾಕ್ರಿ. ಎರಡು ಡ್ರೈವರ್ ಜಗಳಕ್ಕೆ ಬಿದ್ದರೆ ಕರ್ಸರ್ ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ಕುಣಿಯುತ್ತದೆ. ಕಂಪನಿಯ ಡ್ರೈವರ್ ಇಟ್ಟುಕೊಂಡರೆ ಮೋಡ್ "ಪೆನ್" ಇರಲಿ, "ಮೌಸ್" ಅಲ್ಲ. "ವಿಂಡೋಸ್ ಇಂಕ್" ಟಿಕ್ ತೆಗೀರಿ. ಡಬಲ್ ಕ್ಲಿಕ್ ಅಂತರವನ್ನು ಸೊನ್ನೆಗೆ ಇಳಿಸ್ರಿ, ಇಲ್ಲದಿದ್ದರೆ ಪೆನ್ ತಾಗಿದ ಕಡೆ ಕರ್ಸರ್ ಒಂದು ಕ್ಷಣ ಅಂಟಿಕೊಂಡು ಆಮೇಲೆ ಬಿಡುತ್ತದೆ. ಪೆನ್ನಿನ ಬದಿಯ ಎರಡೂ ಗುಂಡಿ ಬಂದ್ ಮಾಡ್ರಿ. ವಿಂಡೋಸ್ ಕಂಟ್ರೋಲ್ ಪ್ಯಾನೆಲ್‌ನ "ಪೆನ್ ಆ್ಯಂಡ್ ಟಚ್" ಒಳಗೆ ಒತ್ತಿಹಿಡಿದರೆ ರೈಟ್ ಕ್ಲಿಕ್ ಆಗುವ ಸೌಲಭ್ಯ ಇರುತ್ತದೆ, ಅದನ್ನೂ ತೆಗೀರಿ. ಪೆನ್ ಸುತ್ತ ಬಳೆಯಂಥ ಉಂಗುರ ಮೂಡುವುದು ಅದರಿಂದಲೇ. ಓಪನ್‌ಟ್ಯಾಬ್ಲೆಟ್‌ಡ್ರೈವರ್ ಅಂತ ಉಚಿತದ್ದೊಂದು ಇದೆ, ವಿಂಡೋಸ್‌ಗೂ ಲಿನಕ್ಸ್‌ಗೂ ಸಿಗುತ್ತದೆ. ಅದು ತಾನಾಗಿ ಗೆರೆ ನಯ ಮಾಡಲು ಹೋಗುವುದಿಲ್ಲ, ಆದ್ದರಿಂದ ಓಸು ಆಡುವವರಲ್ಲಿ ಬಹಳ ಜನ ಇದನ್ನೇ ಬಳಸುತ್ತಾರೆ. ಓಸುವಿನ ಹೊಸ ಆವೃತ್ತಿ ಲೇಜರ್‌ನಲ್ಲಾದರೆ ಟ್ಯಾಬ್ಲೆಟ್ ಸೆಟಿಂಗ್ ಆಟದೊಳಗೇ ಇದೆ. ಅದನ್ನು ಬಳಸಿದರೆ ಹೊರಗಿನದ್ದು ಬಂದ್ ಇರಲಿ.

ಆಟದೊಳಗೆ ಸೆನ್ಸಿಟಿವಿಟಿ 1.0. ಹಳೆಯ ಆವೃತ್ತಿಯಲ್ಲಿ ರಾ ಇನ್‌ಪುಟ್ ಆಫ್. ಎಫ್10 ಒತ್ತಿ ಮೌಸ್ ಬಟನ್ ಬಂದ್ ಮಾಡ್ರಿ, ಇಲ್ಲವೆಂದರೆ ನಿಬ್ (ಪೆನ್ನಿನ ತುದಿ) ತಾಗಿದಾಗಲೆಲ್ಲ ಒಂದು ಹೊಡೆತ ಬೀಳುತ್ತದೆ. ಹೊಡೆಯುವುದು ಎಡಗೈಯ ಝಡ್, ಎಕ್ಸ್ ಕೀಗಳಿಂದ ಮಾತ್ರ.

ಇನ್ನು ಏರಿಯಾ, ಅಂದರೆ ಟ್ಯಾಬ್ಲೆಟ್‌ನಲ್ಲಿ ಪೂರ್ತಿ ಸ್ಕ್ರೀನಿಗೆ ಹೊಂದಿಸುವ ಭಾಗ. ತಪ್ಪುವುದು ಹೆಚ್ಚಾಗಿ ಇಲ್ಲೇ. ಟ್ಯಾಬ್ಲೆಟ್‌ನ ಪೂರ್ತಿ ಜಾಗ ಬಳಸಿದರೆ ತೋಳು ಓಡಾಡಬೇಕಾಗುತ್ತದೆ, ಅಷ್ಟು ಬೇಡ. 80×45 ಮಿ.ಮೀ.ಯಿಂದ ಶುರು ಮಾಡ್ರಿ, ನಿಮ್ಮ 1366×768 ಸ್ಕ್ರೀನಿಗೆ ಆ ಅನುಪಾತ ಹೊಂದುತ್ತದೆ. ಓಪನ್‌ಟ್ಯಾಬ್ಲೆಟ್‌ಡ್ರೈವರ್‌ನಲ್ಲಿ ಅಗಲ 80, ಎತ್ತರ 45, ನಡುಬಿಂದು ಎಕ್ಸ್ 76, ವೈ 47.5 ಅಂತ ಬರೀರಿ. ವೇಕಮ್ ಡ್ರೈವರ್‌ನಲ್ಲಿ ಒಂದು ಮಿಲಿಮೀಟರಿಗೆ 100 ಗೆರೆ ಲೆಕ್ಕ, ಅಂದರೆ ಪೂರ್ತಿ ಜಾಗ 15200×9500. ಎಡ 3600, ಬಲ 11600, ಮೇಲೆ 2500, ಕೆಳಗೆ 7000 ಹಾಕಿದರೆ ಅದೇ ಚೌಕ ನಟ್ಟನಡುವೆ ಬರುತ್ತದೆ.

ಓಸು ಮೈದಾನ ಸ್ಕ್ರೀನಿನ ಅಗಲದಲ್ಲಿ ಶೇ. 60, ಎತ್ತರದಲ್ಲಿ ಶೇ. 80 ಮಾತ್ರ. ಹಂಗಾಗಿ ನಿಮ್ಮ ಪೆನ್ ನಿಜವಾಗಿ ಓಡಾಡುವುದು 48×36 ಮಿ.ಮೀ. ಒಳಗೆ. ಹೆಚ್ಚು ಕಡಿಮೆ ಒಂದು ಕಡ್ಡಿಪೆಟ್ಟಿಗೆ. ಅದನ್ನು ಟ್ಯಾಬ್ಲೆಟ್ ನಡುವೆ ಇಟ್ಟು ನೋಡ್ರಿ, ಆಟದ ಎಲ್ಲ ಜಂಪ್ ಅದರ ಮೈಮೇಲೇ ಮುಗಿಯುತ್ತವೆ. ಸಿಎಸ್ (ವೃತ್ತದ ಗಾತ್ರದ ಅಂಕಿ) 4 ಮ್ಯಾಪ್‌ನ ಒಂದು ವೃತ್ತ ಈ ಏರಿಯಾದಲ್ಲಿ ಸುಮಾರು 7 ಮಿ.ಮೀ. ಏರಿಯಾ ಅಗಲ 100 ಮಾಡಿದರೆ ಎಂಟೂವರೆ, ಒಂದು ಕಾಬೂಲಿ ಕಡಲೆಯಷ್ಟು. 60ಕ್ಕೆ ಇಳಿಸಿದರೆ 5 ಮಿ.ಮೀ., ಬರೀ ತೊಗರಿ ಕಾಳು. ಕಲಬುರಗಿಯಲ್ಲಿ ಕೂತವರಿಗೆ ತೊಗರಿ ಕಾಳಿನ ಗಾತ್ರ ನಾನು ಹೇಳಬೇಕಿಲ್ಲ. ಏರಿಯಾ ಸಣ್ಣದಾದಷ್ಟೂ ಕೈಗೆ ದಣಿವು ಕಡಿಮೆ, ಗುರಿ ಮಾತ್ರ ಕಠಿಣ.

ಮೌಸ್‌ನಿಂದ ಬಂದವರಿಗೆ ಮೊದಲ ವಾರ ಒಂದು ಗೊಂದಲ ಕಾದಿರುತ್ತದೆ. 800 ಡಿಪಿಐ (ಇಂಚು ಸರಿದರೆ 800 ಪಿಕ್ಸೆಲ್) ಮೌಸ್‌ನಲ್ಲಿ 1366 ಪಿಕ್ಸೆಲ್ ದಾಟಲು ಕೈ ಸರಿಯುವುದು ಸುಮಾರು 43 ಮಿ.ಮೀ. ಇಲ್ಲಿ 80. ಆದ್ದರಿಂದ ಪ್ರತಿ ಜಂಪ್‌ನಲ್ಲೂ ಕರ್ಸರ್ ವೃತ್ತದ ತನಕ ಹೋಗದೇ ಈಚೆಗೇ ನಿಲ್ಲುತ್ತದೆ. ಆಗ ಏರಿಯಾ ಕಿರಿದು ಮಾಡುವ ಆಸೆ ಹುಟ್ಟುತ್ತದೆ. ಮಾಡಬ್ಯಾಡ್ರಿ. ಎರಡು ವಾರ ಹಾಗೇ ಬಿಡ್ರಿ. ಆಮೇಲೂ ಮೂಲೆಯ ವೃತ್ತಗಳಿಗೆ ಮಾತ್ರ ಕೈ ಮುಟ್ಟದಿದ್ದರೆ ಅಗಲದಲ್ಲಿ 5 ಮಿ.ಮೀ. ಕಡಿಮೆ ಮಾಡಿ, ಎತ್ತರವನ್ನೂ ಅದೇ ಅನುಪಾತದಲ್ಲಿ ಇಳಿಸಿ, ಮತ್ತೆ ಒಂದು ವಾರ ಮುಟ್ಟದೇ ಇರ್ರಿ. ಯಾರದೋ ದೊಡ್ಡ ಆಟಗಾರನ ಏರಿಯಾ ನೋಡಿ ದಿನಾ ಅಂಕಿ ತಿದ್ದುವವರ ಕೈ ಯಾವ ಜಾಗವನ್ನೂ ಕಲಿಯುವುದಿಲ್ಲ.

ಅನುಪಾತ ಸರಿ ಇದೆಯಾ ಅಂತ ನೋಡಲು ಸುಲಭದ ದಾರಿ: ನೀರಿನ ಬಾಟಲಿಯ ಪ್ಲಾಸ್ಟಿಕ್ ಮುಚ್ಚಳವನ್ನು ಟ್ಯಾಬ್ಲೆಟ್ ನಡುವೆ ಇಟ್ಟು, ಪೇಂಟ್ ತೆರೆದು, ಅದರ ಸುತ್ತ ಪೆನ್ ಎಳೀರಿ. ಸ್ಕ್ರೀನ್ ಮೇಲೆ ಗುಂಡಗೆ ಬಂದರೆ ಸರಿ. ಮೊಟ್ಟೆಯಂತೆ ಬಂದರೆ ಅಗಲ-ಎತ್ತರದ ಲೆಕ್ಕ ತಪ್ಪಿದೆ. ನಾಣ್ಯ ಇಡಬ್ಯಾಡ್ರಿ, ಲೋಹ ಪೆನ್ನಿನ ಓದನ್ನು ಕೆಡಿಸುತ್ತದೆ. ಆಮೇಲೆ ಕಣ್ಣು ಮುಚ್ಚಿ ಎಡದಿಂದ ಬಲಕ್ಕೆ ನೇರ ಗೆರೆ ಎಳೆದು ಕಣ್ಣು ಬಿಡ್ರಿ. ಲ್ಯಾಪ್‌ಟಾಪ್ ಎದುರಿಗೆ, ಟ್ಯಾಬ್ಲೆಟ್ ಬಲಕ್ಕೆ ಇರುವವರ ಗೆರೆ ಸಾಮಾನ್ಯವಾಗಿ ಓರೆ ಬರುತ್ತದೆ, ಯಾಕೆಂದರೆ ಮುಂಗೈ ಮೊಣಕೈ ಸುತ್ತ ತಿರುಗುತ್ತದೆ. ಗೆರೆ ನೇರ ಆಗುವ ತನಕ ಟ್ಯಾಬ್ಲೆಟ್ಟನ್ನೇ ಸ್ವಲ್ಪ ಸ್ವಲ್ಪ ತಿರುಗಿಸ್ರಿ. ಆದ ಮೇಲೆ ಮೇಜಿನ ಮೇಲೆ ಅದರ ಎರಡು ಮೂಲೆಗೆ ಟೇಪ್ ಹಚ್ಚಿ ಗುರುತು ಮಾಡ್ರಿ.

ಅಡಿಯಲ್ಲಿ ಜಾರಬಾರದು. ಬೀದರ್‌ನ ಬಿದ್ರಿ ಕುಶಲಕರ್ಮಿಗಳು ಪಾತ್ರೆಯನ್ನು ಮೇಣ ಹಾಕಿ ಕಲ್ಲಿಗೆ ಕೂಡಿಸಿಕೊಂಡೇ ಉಳಿ ಹಿಡಿಯುತ್ತಾರೆ, ನಿಮಗೂ ಅದೇ ನಿಯಮ. ಜಾರದ ರಬ್ಬರ್ ಹಾಸು ಅಥವಾ ಹಳೆ ಮೌಸ್ ಪ್ಯಾಡ್ ಸಾಕು.

ಹಾಸ್ಟೆಲ್ ಅಂದಿರಿ, ಅದಕ್ಕೆ ಈ ಮಾತು. ಕಬ್ಬಿಣದ ಮಂಚ, ಸ್ಟೀಲ್ ಮೇಜಿನ ಮೇಲೆ ನೇರವಾಗಿ ಟ್ಯಾಬ್ಲೆಟ್ ಇಟ್ಟರೆ ಕರ್ಸರ್ ನಡುಗಬಹುದು. ಬ್ಯಾಟರಿ ಇಲ್ಲದ ಪೆನ್ನಿಗೆ ಶಕ್ತಿ ಹೋಗುವುದು ಟ್ಯಾಬ್ಲೆಟ್ ಹೊರಡಿಸುವ ಕಾಂತಕ್ಷೇತ್ರದಿಂದ, ಲೋಹ ಅದರಲ್ಲಿ ಕೈ ಹಾಕುತ್ತದೆ. ನಡುವೆ ಒಂದು ದಪ್ಪ ಪುಸ್ತಕವೋ ಮರದ ಹಲಗೆಯೋ ಇರಲಿ. ಇನ್ನೊಂದು ಕಾರಣ ಚಾರ್ಜರ್. ಅರ್ಥಿಂಗ್ ಸರಿ ಇಲ್ಲದ ಪ್ಲಗ್‌ನಲ್ಲಿ ಲ್ಯಾಪ್‌ಟಾಪ್ ಚಾರ್ಜಿಗೆ ಇದ್ದಾಗ ಮಾತ್ರ ಕರ್ಸರ್ ನಡುಗಿದರೆ, ಚಾರ್ಜರ್ ಕಿತ್ತು ನೋಡ್ರಿ. ನಡುಕ ನಿಂತರೆ ಟ್ಯಾಬ್ಲೆಟ್ ತಪ್ಪಿಲ್ಲ, ಬೇರೆ ಪ್ಲಗ್ ಹುಡುಕ್ರಿ. ಮೊಬೈಲ್ ಚಾರ್ಜಿಗಿಟ್ಟು ಟ್ಯಾಬ್ಲೆಟ್ ಪಕ್ಕದಲ್ಲೇ ಮಲಗಿಸುವುದೂ ಬೇಡ. ಕೇಬಲ್ಲನ್ನು ಹಬ್‌ಗೆ ಹಾಕದೇ ಲ್ಯಾಪ್‌ಟಾಪ್‌ನ ಯುಎಸ್‌ಬಿಗೇ ಹಾಕ್ರಿ.

ನಿಬ್ ತಾಗಿಸಿ ಎಳೆಯುವುದಾ, ಗಾಳಿಯಲ್ಲೇ ತೇಲಿಸುವುದಾ? ಹೊಸಬರಿಗೆ ಎಳೆಯುವುದೇ ಒಳ್ಳೆಯದು. ತಡೆ ಇರುವುದರಿಂದ ಕೈ ನಿಲ್ಲುತ್ತದೆ, ಸ್ಲೈಡರ್ (ಗೆರೆಯುದ್ದಕ್ಕೂ ಚೆಂಡಿನ ಜೊತೆ ಸಾಗಬೇಕಾದ ಗುರಿ) ಹಿಡಿಯುವುದು ಸುಲಭ. ತೇಲಿಸುವಾಗ ಜಂಪ್ ಹಗುರ, ಆದರೆ ಪೆನ್ ಸುಮಾರು ಒಂದು ಸೆಂ.ಮೀ. ಮೇಲೆದ್ದರೆ ಟ್ಯಾಬ್ಲೆಟ್‌ಗೆ ಕಾಣುವುದಿಲ್ಲ, ಕರ್ಸರ್ ನಿಂತಲ್ಲೇ ನಿಲ್ಲುತ್ತದೆ. ನಡುನಡುವೆ ಕರ್ಸರ್ ಸತ್ತಂತಾದರೆ ಮೊದಲ ಅನುಮಾನ ಇದರ ಮೇಲಿರಲಿ.

ಎಳೆದು ಆಡಿದರೆ ನಿಬ್ ಸವೆಯುತ್ತದೆ. ಒಂದೇ ಓರೆಯಲ್ಲಿ ಹಿಡಿಯುವುದರಿಂದ ತುದಿ ಉಳಿಯಂತೆ ಚಪ್ಪಟೆಯಾಗಿ ಅಂಚು ಚೂಪಾಗುತ್ತದೆ, ಆ ಅಂಚೇ ಮೇಲ್ಮೈ ಗೀಚುವುದು. ಉಗುರಿಗೆ ಅಂಚು ಸಿಕ್ಕಿತೆಂದರೆ ನಿಬ್ ತಿರುಗಿಸಿ ಹಾಕ್ರಿ, ಇಲ್ಲವೇ ಡಬ್ಬಿಯಲ್ಲಿ ಬಂದ ಹೊಸದು ಹಾಕ್ರಿ. ನಮ್ಮ ಕಡೆಯ ಧೂಳು ಇದಕ್ಕಿಂತ ಕೆಟ್ಟದ್ದು. ಒಂದು ಮರಳ ಹರಳು ನಿಬ್ ಕೆಳಗೆ ಸಿಕ್ಕರೆ ಗೆರೆ ಖಾಯಂ. ಆಡುವ ಮುಂಚೆ ಒಣ ಬಟ್ಟೆಯಿಂದ ಒರೆಸ್ರಿ. ಫೈಲಿನ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಮೇಲೆ ಹಾಸಿ ಅಂಚಿಗೆ ಟೇಪ್ ಹಾಕಿದರೆ ಇನ್ನೂ ಚೊಲೊ. ಪೆನ್ ಅದರ ಮೂಲಕವೂ ಓದುತ್ತದೆ, ಹಾಳಾದರೆ ಹಾಳೆ ಬದಲಿಸಿದರಾಯಿತು. ಬೇಸಿಗೆಯಲ್ಲಿ ಬೆವರಿದ ಅಂಗೈ ಮೇಲ್ಮೈಗೆ ಅಂಟಿ ತಡೆತಡೆದು ಸರಿಯುತ್ತದೆ. ಹಳೆ ಕಾಟನ್ ಸಾಕ್ಸ್‌ನ ತುದಿ ಕತ್ತರಿಸಿ ಅಂಗೈಗೆ ಏರಿಸಿಕೊಂಡರೆ ಸಾಕು, ಇದಕ್ಕೆ ಅಂತ ಮಾರುವ ಗ್ಲೌಸ್ ಬೇಕಾಗಿಲ್ಲ. ಕೂಲರ್ ಗಾಳಿ ಟ್ಯಾಬ್ಲೆಟ್ ಮೇಲೆ ನೇರ ಬೀಳದಂತೆ ನೋಡಿಕೊಳ್ರಿ, ತೇವ ಕೂತರೆ ಮತ್ತೆ ಅದೇ ಅಂಟು.

ಅಭ್ಯಾಸಕ್ಕೆ ಮೊದಲ ವಾರ ಎರಡು ಸ್ಟಾರ್‌ಗೆ ಇಳೀರಿ. ನಾಲ್ಕು ಸ್ಟಾರ್ ಆಡುವ ಬೆರಳಿಗೆ ಇದು ಬೇಸರ ತರುತ್ತದೆ, ತಡ್ಕೊಳ್ರಿ. ಸ್ಲೈಡರ್ ಹೆಚ್ಚಿರುವ ನಿಧಾನದ ಮ್ಯಾಪ್ ಮೊದಲು, ಜಂಪ್ ಆಮೇಲೆ. ಸ್ಪಿನ್ನರ್‌ಗೆ (ಕರ್ಸರ್ ಗಿರಗಿರ ತಿರುಗಿಸಬೇಕಾದ ಭಾಗ) ಪೆನ್ನನ್ನು ದೊಡ್ಡದಾಗಿ ತಿರುಗಿಸಬ್ಯಾಡ್ರಿ, ನಡುವಿನ ಸುತ್ತ ಸಣ್ಣ ಸುತ್ತು ಸಾಕು. ಆಟ ನಿಮಿಷಕ್ಕೆ 477 ಸುತ್ತಿಗಿಂತ ಹೆಚ್ಚು ಲೆಕ್ಕಕ್ಕೆ ಹಿಡಿಯುವುದಿಲ್ಲ. ದಿನಕ್ಕೆ ನಲವತ್ತು ನಿಮಿಷ ಸಾಕು, ಹೆಬ್ಬೆರಳ ಬುಡ ನೋಯತೊಡಗಿದರೆ ಅಲ್ಲಿಗೆ ನಿಲ್ಲಿಸ್ರಿ. ಪೆನ್ ಬಿಗಿಯಾಗಿ ಹಿಡಿದಿದ್ದೀರಿ ಅಂತ ಅದರ ಅರ್ಥ. ಬರೆಯುವುದಕ್ಕಿಂತ ಒಂದು ಬೆರಳು ಹಿಂದೆ, ಸಡಿಲವಾಗಿ ಹಿಡೀರಿ. ಈ ದಿನಗಳಲ್ಲಿ ನಡುವೆ ಮತ್ತೆ ಮೌಸ್‌ನಲ್ಲಿ ಓಸು ಆಡಿದರೆ ಕಲಿತದ್ದು ಕಲಸಿಹೋಗುತ್ತದೆ.

ಮೌಸ್ ಮಾರಿಬಿಡಬ್ಯಾಡ್ರಿ ಮತ್ತೆ. ಗುಂಡು ಹಾರಿಸುವ ಆಟಗಳಿಗೆ "ಇಷ್ಟು ಸರಿದೆ" ಅನ್ನುವ ಸಾಧನವೇ ಬೇಕು. ಅಲ್ಲಿ ಪೆನ್ ಇಟ್ಟರೆ ನಿಮ್ಮ ಆಟಗಾರ ಮುಗಿಲು ನೋಡುತ್ತ ಗಿರಗಿರ ತಿರುಗುತ್ತಾನೆ.