ಇಟಲಿಯ ಫುಟ್‌ಬಾಲ್ ಆಟಗಾರ ರಾಬರ್ಟೋ ಬ್ಯಾಜಿಯೊ ಅವರ ವೃತ್ತಿಜೀವನದಲ್ಲಿ ಅಷ್ಟೊಂದು ಏರಿಳಿತಗಳಾದದ್ದೇಕೆ?

ಮೊದಲ ಕಾರಣ ಮೊಣಕಾಲು. 1985ರಲ್ಲಿ, ಫಿಯೊರೆಂಟಿನಾ ಕ್ಲಬ್ಬಿಗೆ ಸೇರುವ ಹೊತ್ತಿನಲ್ಲೇ, ಹದಿನೆಂಟರ ಹರೆಯದ ಬ್ಯಾಜಿಯೊ ಅವರ ಬಲ ಮೊಣಕಾಲಿನ ಅಸ್ಥಿರಜ್ಜು ಹರಿದು, ಶಸ್ತ್ರಚಿಕಿತ್ಸೆಯಲ್ಲಿ ಇನ್ನೂರಕ್ಕೂ ಹೆಚ್ಚು ಹೊಲಿಗೆ ಹಾಕಬೇಕಾಯಿತು. ಆದರೂ ಆ ಕ್ಲಬ್ ಅವರ ಕೈಬಿಡಲಿಲ್ಲ. ಆ ಋಣ ಅವರ ಮನಸ್ಸಿನಲ್ಲಿ ಎಷ್ಟು ಆಳವಾಗಿ ಉಳಿದಿತ್ತೆಂದರೆ, 1990ರಲ್ಲಿ ದಾಖಲೆ ಮೊತ್ತಕ್ಕೆ ಯುವೆಂಟಸ್‌ಗೆ ಹೋದ ಮೇಲೆ, ಫ್ಲಾರೆನ್ಸ್‌ನಲ್ಲಿ ಹಳೆಯ ತಂಡದ ವಿರುದ್ಧ ಪೆನಾಲ್ಟಿ ಒದೆಯಲು ಅವರು ಒಪ್ಪಲೇ ಇಲ್ಲ.

1993ರಲ್ಲಿ ಯುರೋಪಿನ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಪ್ರಶಸ್ತಿ ಬಂತು. ಮರುವರ್ಷದ ವಿಶ್ವಕಪ್ಪಿನಲ್ಲಿ ಐದು ಗೋಲು ಗಳಿಸಿ ಇಟಲಿಯನ್ನು ಫೈನಲ್ಲಿಗೆ ಒಯ್ದವರೂ ಅವರೇ. ನೈಜೀರಿಯಾ ವಿರುದ್ಧ ಸೋಲು ಖಚಿತವೆನಿಸಿದ್ದಾಗ 88ನೇ ನಿಮಿಷದಲ್ಲಿ ಸಮಬಲ ತಂದ ಆ ಶಾಂತವಾದ ಒದೆತವನ್ನು ಮರೆಯಲಾಗದು. ಬ್ರೆಜಿಲ್ ಎದುರಿನ ಫೈನಲ್ ಸಮಬಲವಾಗಿ, ಗೆಲುವನ್ನು ಪೆನಾಲ್ಟಿ ಒದೆತಗಳೇ ನಿರ್ಧರಿಸಬೇಕಾದಾಗ ಅವರ ಪೆನಾಲ್ಟಿ ಅಡ್ಡಪಟ್ಟಿಯ ಮೇಲಿಂದ ಹಾರಿಹೋಯಿತು. ಸಹ ಆಟಗಾರರಾದ ಬರೇಸಿ ಮತ್ತು ಮಸ್ಸಾರೊ ಕೂಡ ಅಂದು ವಿಫಲರಾಗಿದ್ದರು, ಬ್ರೆಜಿಲ್‌ಗೆ ಇನ್ನೂ ಒಂದು ಅವಕಾಶ ಬಾಕಿಯಿತ್ತು. ಹೀಗಿರುವಾಗ ಸೋಲಿನ ಹೊಣೆಯನ್ನೆಲ್ಲ ಅವರೊಬ್ಬರ ತಲೆಗೆ ಕಟ್ಟಿದ್ದು ಅನ್ಯಾಯವೆಂದೇ ನನ್ನ ದೃಢ ಅಭಿಪ್ರಾಯ.

ಎರಡನೆಯ ಕಾರಣ ತರಬೇತುದಾರರ ಲೆಕ್ಕಾಚಾರ. ಮುಂಚೂಣಿಗೂ ಮಧ್ಯಭಾಗಕ್ಕೂ ನಡುವೆ ಸ್ವತಂತ್ರವಾಗಿ ಆಡುವವರಿಗೆ ಆ ಕಾಲದ ಕಟ್ಟುನಿಟ್ಟಾದ 4-4-2 ವ್ಯೂಹದಲ್ಲಿ (ನಾಲ್ವರು ರಕ್ಷಣೆಗೆ, ನಾಲ್ವರು ಮಧ್ಯಭಾಗಕ್ಕೆ, ಇಬ್ಬರು ಮುಂಚೂಣಿಗೆ) ಜಾಗ ಸಿಗುವುದು ಕಷ್ಟವಿತ್ತು. 1997ರಲ್ಲಿ ಪಾರ್ಮಾ ತಂಡಕ್ಕೆ ಅವರನ್ನು ಬೇಡವೆಂದ ಅದರ ತರಬೇತುದಾರ ಆಂಚೆಲೊಟ್ಟಿ ಅದು ತಪ್ಪಾಗಿತ್ತೆಂದು ಮುಂದೆ ಒಪ್ಪಿಕೊಂಡರು. ಬ್ಯಾಜಿಯೊ ಬೊಲೋನ್ಯಾ ಸೇರಿ, ಆ ಒಂದೇ ಲೀಗ್ ಋತುವಿನಲ್ಲಿ 22 ಗೋಲು ಹೊಡೆದರು. 1998ರ ವಿಶ್ವಕಪ್ಪಿನಲ್ಲಿ ಚಿಲಿ ವಿರುದ್ಧ ಮತ್ತೆ ಪೆನಾಲ್ಟಿ ಒದೆಯಲು ಮುಂದೆ ಬಂದು, ಗೋಲು ಗಳಿಸಿದರು. ಕೊನೆಗೆ ಬ್ರೆಷಿಯಾದಂಥ ಸಣ್ಣ ಕ್ಲಬ್ಬಿನಲ್ಲಿ ನಾಲ್ಕು ಋತು ಆಡಿ, 2004ರಲ್ಲಿ ನಿವೃತ್ತರಾದರು.